ಫೋಲ್ಡರ್ ತೆರೆದರೆ 403 ಬರ್ತಿದೆ: ತಾಳಮದ್ದಳೆ ರೆಕಾರ್ಡಿಂಗ್‌ಗಳ ಪಟ್ಟಿ ಬ್ರೌಸರ್‌ನಲ್ಲಿ ಕಾಣಿಸೋದು ಹೇಗೆ?

ಕಡಲತಡಿ
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸಂಘದಲ್ಲಿ ಮಳೆಗಾಲದ ತಾಳಮದ್ದಳೆ ಕೂಟಗಳನ್ನು ಕ್ಯಾಸೆಟ್ ಕಾಲದಿಂದಲೂ ರೆಕಾರ್ಡ್ ಮಾಡಿಟ್ಟಿದ್ದಾರೆ. ಈಗ ಅದನ್ನೆಲ್ಲ ಎಂಪಿ3 ಮಾಡಿದ್ದೇವೆ. ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಕೂಟಕ್ಕೊಂದು ಫೋಲ್ಡರ್. ಆಲ್ಮಾಲಿನಕ್ಸ್ (ರೆಡ್‌ಹ್ಯಾಟ್ ಬಳಗದ ಲಿನಕ್ಸ್) ಇರುವ ಒಂದು ಚಿಕ್ಕ ವಿಪಿಎಸ್ (ಆನ್‌ಲೈನ್ ಸರ್ವರ್) ಬಾಡಿಗೆಗೆ ತಗೊಂಡು ಅಪಾಚೆ ವೆಬ್ ಸರ್ವರ್ ಹಾಕಿದ್ದೇನೆ.

ನನಗೆ ಬೇಕಾಗಿರುವುದು ಇಷ್ಟೇ. ಲಿಂಕ್ ಒತ್ತಿದರೆ ಫೋಲ್ಡರ್‌ಗಳ ಪಟ್ಟಿ ಬರಬೇಕು, ವರ್ಷ ಒತ್ತಿದರೆ ಆ ವರ್ಷದ ಕೂಟಗಳು ಬರಬೇಕು, ಫೈಲ್ ಒತ್ತಿದರೆ ಹಾಡಬೇಕು. ವರ್ಡ್‌ಪ್ರೆಸ್, ಡೇಟಾಬೇಸ್ ಯಾವುದೂ ಬೇಡ. ಆದರೆ ಫೋಲ್ಡರ್ ತೆರೆದರೆ 403 ಫರ್ಬಿಡನ್ (ಪ್ರವೇಶ ಇಲ್ಲ) ಅನ್ನುತ್ತದೆ. ಏನು ಬರೆಯಬೇಕು, ಎಲ್ಲಿ ಬರೆಯಬೇಕು? ಇನ್ನೊಂದು ಮಾತು. ಆಫೀಸಿನ ಗೆಳೆಯರೊಬ್ಬರು ಡೈರೆಕ್ಟರಿ ಲಿಸ್ಟಿಂಗ್ (ಹೀಗೆ ಫೋಲ್ಡರಿನ ಪಟ್ಟಿ ತೋರಿಸೋದು) ಆನ್ ಮಾಡಲೇಬಾರದು, ಅಪಾಯ ಅಂತಾರೆ. ನಿಜವಾ?

ಟರ್ಮಿನಲ್‌ತಿಮ್ಮ
ಸುಲಭ ಇದೆ. ಅಪಾಚೆಯ ಕಾನ್ಫಿಗ್ ಫೈಲ್‌ನಲ್ಲಿ ಆ ಫೋಲ್ಡರಿನ ಡೈರೆಕ್ಟರಿ ಬ್ಲಾಕ್ ಒಳಗೆ ಎರಡು ಸಾಲು ಹಾಕಿ:

ಆಪ್ಷನ್ಸ್ +ಇಂಡೆಕ್ಸಸ್
ರಿಕ್ವೈರ್ ಆಲ್ ಗ್ರಾಂಟೆಡ್

ಆಮೇಲೆ ಎಚ್‌ಟಿಟಿಪಿಡಿ (ಅಪಾಚೆ ಸರ್ವಿಸ್) ರೀಲೋಡ್ ಮಾಡಿ. ಮುಗೀತು. (ಓದೋಕೆ ಸುಲಭ ಆಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೀರಿ.)

ಬೀಗದಕೈ
ದಯವಿಟ್ಟು ಮಾಡಬೇಡಿ. ನಿಮ್ಮ ಗೆಳೆಯರು ಹೇಳಿದ್ದು ಸರಿ. ಯಾವ ಸೆಕ್ಯುರಿಟಿ ಆಡಿಟ್ ರಿಪೋರ್ಟ್ ತೆಗೆದರೂ ಇದು ಅದರಲ್ಲಿ ಇದ್ದೇ ಇರುತ್ತದೆ. ಸಾಫ್ಟ್‌ವೇರ್ ದೌರ್ಬಲ್ಯಗಳ ಸಿಡಬ್ಲ್ಯುಇ ಪಟ್ಟಿಯಲ್ಲಿ ಇದಕ್ಕೆ ಸಿಡಬ್ಲ್ಯುಇ-548 ಅಂತ ನಂಬರೇ ಇದೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಕಂಪನಿಯ ಸರ್ವರ್‌ನಲ್ಲಿ ಬ್ಯಾಕಪ್ ಅನ್ನುವ ಫೋಲ್ಡರ್ ಹೀಗೇ ತೆರೆದಿತ್ತು. ಗ್ರಾಹಕರ ಇಡೀ ಡೇಟಾಬೇಸ್‌ನ ಎಸ್‌ಕ್ಯೂಎಲ್ ಫೈಲು ಅಲ್ಲಿ ಕೂತಿತ್ತು. ಗೂಗಲ್‌ನಲ್ಲಿ "ಇಂಡೆಕ್ಸ್ ಆಫ್" (ಇಂಥ ಪಟ್ಟಿಗಳ ತಲೆಬರಹ) ಅಂತ ಹುಡುಕುವವರು ಬೇಕಾದಷ್ಟು ಜನ ಇದ್ದಾರೆ. ಯಾರು ಯಾವಾಗ ಇಳಿಸಿಕೊಂಡರೋ ಯಾರಿಗೂ ಗೊತ್ತಿಲ್ಲ.

ಹಳೇಪೆಂಗ್ವಿನ್
ಬೀಗದಕೈ ಅವರೇ, ಇದನ್ನು ನಾನು ಒಪ್ಪಲ್ಲ. ಗ್ನೂ ಪ್ರಾಜೆಕ್ಟ್‌ನವರ ಫೈಲ್ ಸರ್ವರ್ ನೋಡಿ, ಡೆಬಿಯನ್ ಮಿರರ್‌ಗಳನ್ನು ನೋಡಿ, ಅಪಾಚೆಯವರದೇ ಹಳೆಯ ಆವೃತ್ತಿಗಳ ಆರ್ಕೈವ್ ನೋಡಿ. ಎಲ್ಲವೂ ಬರೀ ಡೈರೆಕ್ಟರಿ ಲಿಸ್ಟಿಂಗ್. ಲೋಕದ ಅರ್ಧ ಲಿನಕ್ಸ್ ಯಂತ್ರಗಳು ಅಲ್ಲಿಂದಲೇ ಸಾಫ್ಟ್‌ವೇರ್ ಇಳಿಸಿಕೊಳ್ಳುತ್ತವೆ. ಆಡಿಟ್‌ನವರು ತಪ್ಪು ಅನ್ನುವುದು ಬೇಕಂತ ತೆರೆದಿದ್ದನ್ನಲ್ಲ, ಗೊತ್ತಿಲ್ಲದೆ ತೆರೆದುಕೊಂಡಿರುವುದನ್ನು.

ಮತ್ತೆ ನಿಮ್ಮ ಉದಾಹರಣೆಯಲ್ಲಿ ತೊಂದರೆ ಇದ್ದದ್ದು ಪಟ್ಟಿಯಲ್ಲಿ ಅಲ್ಲ. ಎಸ್‌ಕ್ಯೂಎಲ್ ಫೈಲು ವೆಬ್ ಫೋಲ್ಡರ್ ಒಳಗೆ ಇತ್ತಲ್ಲ, ಅದು ತೊಂದರೆ. ಪಟ್ಟಿ ಆಫ್ ಮಾಡಿದ್ದರೂ ಬ್ಯಾಕಪ್ ಡಾಟ್ ಎಸ್‌ಕ್ಯೂಎಲ್ ಅಂತ ಹೆಸರು ಊಹಿಸಿ ಹೊಡೆದವನಿಗೆ ಅದು ಸಿಗುತ್ತಿತ್ತು. ಕಳ್ಳರ ಸ್ಕ್ರಿಪ್ಟ್‌ಗಳು ದಿನವಿಡೀ ಮಾಡುವ ಕೆಲಸವೇ ಅದು.

ಬೀಗದಕೈ
ಊಹಿಸುವುದು ಬೇರೆ, ನಾವೇ ಹೆಸರು ಬರೆದು ಕೊಡುವುದು ಬೇರೆ. ಕಳ್ಳನಿಗೆ ಕೆಲಸ ಕಷ್ಟ ಆಗಲಿ ಅನ್ನುವುದರಲ್ಲಿ ತಪ್ಪೇನಿದೆ?

ಹಳೇಪೆಂಗ್ವಿನ್
ತಪ್ಪಿಲ್ಲ. ಉಳಿದ ಕಡೆ ಆಫ್ ಇರಲಿ, ನಾನೂ ಅದನ್ನೇ ಹೇಳೋದು. ಆದರೆ ಇವರಿಗೆ ಮುಚ್ಚಿಡುವಂಥದ್ದು ಏನೂ ಇಲ್ಲ. ಜನ ಕೇಳಲಿ ಅಂತಲೇ ಹಾಕುತ್ತಿದ್ದಾರೆ. ಅವರಿಗೆ "ಮಾಡಬೇಡಿ" ಅಂದುಬಿಟ್ಟರೆ ರೆಕಾರ್ಡಿಂಗ್ ಎಲ್ಲ ಯಾರದ್ದೋ ಹಾರ್ಡ್ ಡಿಸ್ಕಿನಲ್ಲೇ ಉಳಿಯುತ್ತದೆ.

ಕಡಲತಡಿ
ತಿಮ್ಮ ಅವರೇ, ನೀವು ಹೇಳಿದ ಸಾಲು ಹಾಕಿ ರೀಲೋಡ್ ಮಾಡಿದೆ. ಈಗಲೂ 403. ಅದೂ ಅಲ್ಲದೆ ಮುಖ್ಯ ಕಾನ್ಫಿಗ್ ಫೈಲ್‌ನಲ್ಲಿ ಆಪ್ಷನ್ಸ್ ಇಂಡೆಕ್ಸಸ್ ಅಂತ ಮೊದಲೇ ಇತ್ತು. ನಾನು ಹಾಕಿದ್ದಲ್ಲ.

ಕಾಲೇಜ್‌ಲ್ಯಾಬ್
ಸಿಎಚ್‌ಮಾಡ್ 777 ಹೊಡೀರಿ ಸಾರ್, ಎಲ್ಲ ಸರಿ ಹೋಗುತ್ತೆ.

ನೀಲಿಕುರಿಂಜಿ
777 ಯಾರೂ ಹೊಡೀಬೇಡಿ! ಸರ್ವರ್‌ನಲ್ಲಿರುವ ಯಾವ ಪ್ರೋಗ್ರಾಂ ಬೇಕಾದರೂ ಆ ಫೋಲ್ಡರಿಗೆ ಬರೆಯಬಹುದು ಅಂತ ಬಾಗಿಲು ತೆಗೆದ ಹಾಗೆ ಆಗುತ್ತದೆ. ಓದಲು ಬಿಡುವುದಕ್ಕೆ ಬರೆಯುವ ಹಕ್ಕು ಯಾಕೆ ಬೇಕು? ಫೋಲ್ಡರ್‌ಗೆ 755, ಫೈಲ್‌ಗೆ 644 ಸಾಕು.

ಕಡಲತಡಿಯವರೇ, ಊಹೆ ಮಾಡುತ್ತಾ ಕೂರುವ ಬದಲು ಎರರ್ ಲಾಗ್ ನೋಡಿ. ಅದರಲ್ಲಿ ಈ ಎರಡರಲ್ಲಿ ಒಂದು ಇರುತ್ತದೆ. "ಸರ್ವರ್ ಜನರೇಟೆಡ್ ಡೈರೆಕ್ಟರಿ ಇಂಡೆಕ್ಸ್ ಫರ್ಬಿಡನ್ ಬೈ ಆಪ್ಷನ್ಸ್ ಡೈರೆಕ್ಟಿವ್" ಅಂತಿದ್ದರೆ ತಿಮ್ಮ ಹೇಳಿದ ಉತ್ತರವೇ ಸರಿ. "ಪರ್ಮಿಷನ್ ಡಿನೈಡ್" ಅಂತಿದ್ದರೆ ಆಪ್ಷನ್ಸ್ ಸಾಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಬ್ರೌಸರ್‌ನಲ್ಲಿ ಎರಡಕ್ಕೂ ಒಂದೇ 403 ಕಾಣುತ್ತದೆ, ಹಾಗಾಗಿ ಎಲ್ಲರೂ ಮೊದಲು ಕಾನ್ಫಿಗ್ ಫೈಲ್‌ಗೆ ಕೈ ಹಾಕುತ್ತಾರೆ.

ಇನ್ನೊಂದು ಕೇಳಬೇಕು. ಫೈಲ್‌ಗಳನ್ನು ಅಲ್ಲಿಗೆ ಹೇಗೆ ತಂದಿರಿ? ಹೋಮ್ ಫೋಲ್ಡರಿಗೆ ಅಪ್‌ಲೋಡ್ ಮಾಡಿ ಎಂವಿ (ಜಾಗ ಬದಲಾಯಿಸುವ ಕಮಾಂಡ್) ಮಾಡಿದಿರಾ?

ಕಡಲತಡಿ
ಹೌದು, ಹೋಮ್‌ಗೆ ಹಾಕಿ ಎಂವಿ ಮಾಡಿದ್ದು. ಲಾಗ್‌ನಲ್ಲಿ ಇರುವುದು ಪರ್ಮಿಷನ್ ಡಿನೈಡ್. ಆದರೆ ಫೋಲ್ಡರ್ 755 ಇದೆ, ನೋಡಿದೆ.

ನೀಲಿಕುರಿಂಜಿ
ಹಾಗಾದರೆ ಸೆಲಿನಕ್ಸ್, ಅಂದರೆ ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಅಂತ ಕಾಯುವ ಲಿನಕ್ಸ್‌ನ ಕಾವಲು. ನೂರಕ್ಕೆ ತೊಂಬತ್ತು ಪಾಲು ಅದೇ. ಎಲ್‌ಎಸ್ -ಝಡ್ ಕೊಟ್ಟು ನೋಡಿ (ಝಡ್ ದೊಡ್ಡಕ್ಷರ). ಪ್ರತಿ ಫೈಲಿಗೂ ಒಂದು ಲೇಬಲ್ ಕಾಣುತ್ತದೆ. ಹೋಮ್ ಫೋಲ್ಡರಿನಲ್ಲಿ ಹುಟ್ಟಿದ ಫೈಲಿಗೆ ಯೂಸರ್_ಹೋಮ್_ಟಿ ಅಂತ ಲೇಬಲ್ ಬೀಳುತ್ತದೆ. ಎಂವಿ ಮಾಡಿದಾಗ ಫೈಲು ಹಳೆಯ ಲೇಬಲ್ ಸಮೇತ ಹೋಗುತ್ತದೆ. ಸಿಪಿ (ನಕಲು) ಮಾಡಿದ್ದರೆ ಹೊಸ ಜಾಗದ ಲೇಬಲ್ ಸಿಗುತ್ತಿತ್ತು. ಅಪಾಚೆಗೆ ಓದಲು ಬೇಕಾಗಿರುವುದು ಎಚ್‌ಟಿಟಿಪಿಡಿ_ಸಿಸ್_ಕಂಟೆಂಟ್_ಟಿ. ಇದಕ್ಕೆ ಒಂದೇ ಕಮಾಂಡ್:

ರಿಸ್ಟೋರ್‌ಕಾನ್ -ಆರ್‌ವಿ /ವರ್/ಡಬ್ಲ್ಯುಡಬ್ಲ್ಯುಡಬ್ಲ್ಯು/ಎಚ್‌ಟಿಎಂಎಲ್/ಧ್ವನಿ

ಧ್ವನಿ ಅಂದರೆ ನಿಮ್ಮ ರೆಕಾರ್ಡಿಂಗ್ ಫೋಲ್ಡರ್. ಇಲ್ಲಿ ಆರ್ ದೊಡ್ಡಕ್ಷರ, ವಿ ಚಿಕ್ಕಕ್ಷರ. ಯಾವ ಫೈಲಿನ ಲೇಬಲ್ ಬದಲಾಯಿತು ಅಂತ ಒಂದೊಂದೇ ಸಾಲು ತೋರಿಸುತ್ತದೆ. ರೀಸ್ಟಾರ್ಟ್ ಕೂಡ ಬೇಡ.

ಟರ್ಮಿನಲ್‌ತಿಮ್ಮ
ಸೆಟ್‌ಎನ್‌ಫೋರ್ಸ್ 0 ಮಾಡಿ ಸೆಲಿನಕ್ಸ್ ಆಫ್ ಮಾಡಿದರೆ ಇನ್ನೂ ಬೇಗ ಆಗುತ್ತಲ್ವಾ? ನಮ್ಮ ಕಡೆ ಎಲ್ಲ ಸರ್ವರ್‌ನಲ್ಲೂ ಅದನ್ನೇ ಮಾಡ್ತಾರೆ.

ನೀಲಿಕುರಿಂಜಿ
ಕಾರಣ ಸೆಲಿನಕ್ಸ್ ಹೌದೋ ಅಲ್ಲವೋ ಅಂತ ತಿಳಿಯೋಕೆ ಒಂದು ನಿಮಿಷ ಆಫ್ ಮಾಡಿ ನೋಡಿದರೆ ಸರಿ. ಹಾಗೇ ಬಿಟ್ಟರೆ ಸರಿಯಲ್ಲ. ಸಾರ್ವಜನಿಕರಿಗೆ ಫೋಲ್ಡರ್ ತೆರೆದಿಡುವ ಸರ್ವರ್‌ಗೇ ಅದು ಹೆಚ್ಚು ಬೇಕು. ನಾಳೆ ಕಾನ್ಫಿಗ್‌ನಲ್ಲಿ ಯಾರೋ ಎಡವಿ ಬೇರೆ ಫೋಲ್ಡರಿಗೆ ದಾರಿ ಬಿಟ್ಟರು ಅಂದುಕೊಳ್ಳಿ. ಆಗಲೂ ಲೇಬಲ್ ಇಲ್ಲದ ಫೈಲನ್ನು ಅಪಾಚೆ ಓದಲಾರದು. ಒಂದು ಕಮಾಂಡ್‌ನಲ್ಲಿ ಮುಗಿಯುವ ಕೆಲಸಕ್ಕೆ ಇಡೀ ಕಾವಲು ತೆಗೆಯೋದು ಯಾಕೆ?

ಕಡಲತಡಿ
ಬಂತು ಮಾರಾಯ್ರೇ! ರಿಸ್ಟೋರ್‌ಕಾನ್ ಕೊಟ್ಟ ಕೂಡಲೇ ಪಟ್ಟಿ ಬಂತು. ನೀಲಿಕುರಿಂಜಿಯವರಿಗೆ ತುಂಬಾ ಧನ್ಯವಾದ. ಆದರೆ ಎರಡು ತೊಂದರೆ ಉಳಿದಿದೆ. ಕನ್ನಡ ಹೆಸರುಗಳೆಲ್ಲ ವಿಚಿತ್ರ ಚಿಹ್ನೆಗಳಾಗಿ ಕಾಣುತ್ತಿವೆ. ಹೆಸರು ಅರ್ಧಕ್ಕೇ ಕತ್ತರಿಸಿ ಎರಡು ಚುಕ್ಕಿ ಬೇರೆ ಬರುತ್ತಿದೆ. ಹೆಸರುಗಳನ್ನು ಇಂಗ್ಲಿಷಿಗೆ ಬದಲಾಯಿಸಲೇ ಬೇಕಾ?

ಧಾರವಾಡದಮಳೆ
ಬದಲಾಯಿಸಬೇಡಿ! ಕನ್ನಡದ ಹೆಸರು ಕನ್ನಡದಲ್ಲೇ ಇರಲಿ.

ಮೊದಲನೇ ತೊಂದರೆ ಬಗ್ಗೆ. ಲಿನಕ್ಸ್‌ನಲ್ಲಿ ಅಪಾಚೆ ತನ್ನ ಪಟ್ಟಿಯನ್ನು ಐಎಸ್‌ಒ-8859-1 ಅಂತ ಹೇಳಿ ಕಳಿಸುತ್ತದೆ. ಅದು ಪಶ್ಚಿಮ ಯುರೋಪಿನ ಭಾಷೆಗಳ ಲಿಪಿಗೆ ಮಾಡಿದ್ದು. ನಿಮ್ಮ ಫೈಲ್ ಹೆಸರು ಇರುವುದು ಎಲ್ಲ ಲಿಪಿಗೂ ಆಗುವ ಯುಟಿಎಫ್-8ರಲ್ಲಿ. ಕನ್ನಡದ ಪ್ರತಿ ಅಕ್ಷರವೂ ಇ0 ಅನ್ನುವ ಬೈಟ್‌ನಿಂದ ಶುರುವಾಗುತ್ತದೆ. ಹಳೆಯ ಕೋಡಿನಲ್ಲಿ ಆ ಬೈಟ್ ಅಂದರೆ ನೆತ್ತಿ ಮೇಲೆ ಗೆರೆ ಇರುವ ಇಂಗ್ಲಿಷ್ 'ಎ'. ನಿಮ್ಮ ಪಟ್ಟಿಯ ತುಂಬ ಅದೇ ಕಾಣುತ್ತಿರಬೇಕು ನೋಡಿ. ಪರಿಹಾರ:

ಇಂಡೆಕ್ಸ್‌ಆಪ್ಷನ್ಸ್ +ಚಾರ್‌ಸೆಟ್=ಯುಟಿಎಫ್-8 +ನೇಮ್‌ವಿಡ್ತ್=*

ಎರಡನೇ ತೊಂದರೆಗೂ ಇದೇ ಸಾಲಿನಲ್ಲಿ ಉತ್ತರ ಇದೆ. ಏನೂ ಹೇಳದಿದ್ದರೆ ಅಪಾಚೆ ಹೆಸರಿನ ಕಾಲಂಗೆ 23 ಬೈಟ್ ಅಗಲ ಕೊಡುತ್ತದೆ. ಲೆಕ್ಕ ಅಕ್ಷರದಲ್ಲಿ ಅಲ್ಲ, ಬೈಟ್‌ನಲ್ಲಿ. ಕನ್ನಡದಲ್ಲಿ ವ್ಯಂಜನಕ್ಕೆ 3 ಬೈಟ್, ಸ್ವರ ಚಿಹ್ನೆಗೆ 3, ಒತ್ತಕ್ಷರ ಮಾಡುವ ವಿರಾಮಕ್ಕೂ 3. 'ಯಕ್ಷಗಾನ' ಅನ್ನುವುದೇ 21 ಬೈಟ್. 'ತಾಳಮದ್ದಳೆ' 27 ಬೈಟ್, ಅಲ್ಲಿಗೇ ಜಾಗ ಮುಗೀತು. ಅದು ಕತ್ತರಿಸುವುದೂ ಅಕ್ಷರದ ನಡುವೆ. ನಕ್ಷತ್ರ ಹಾಕಿದರೆ ಅತಿ ಉದ್ದದ ಹೆಸರಿಗೆ ತಕ್ಕಷ್ಟು ಅಗಲ ತಾನೇ ತಗೊಳ್ಳುತ್ತದೆ.

ಹಳೇಪೆಂಗ್ವಿನ್
ಇದಕ್ಕೆ ಸೇರಿಸುತ್ತೇನೆ. ಡೆಬಿಯನ್, ಉಬುಂಟುನಲ್ಲಿ ಆಟೋಇಂಡೆಕ್ಸ್ ಕಾನ್ಫಿಗ್ ಫೈಲ್‌ನಲ್ಲಿ ಈ ಎರಡೂ ಮೊದಲೇ ಹಾಕಿ ಕೊಟ್ಟಿರುತ್ತಾರೆ. ಅಲ್ಲಿ ಕನ್ನಡ ಹೆಸರು ಸುಮ್ನೆ ಸರಿಯಾಗೇ ಬರುತ್ತದೆ. ರೆಡ್‌ಹ್ಯಾಟ್ ಬಳಗದಲ್ಲಿ ನಾವೇ ಹಾಕಬೇಕು.

ಕಾಲೇಜ್‌ಲ್ಯಾಬ್
ನನಗೆ ಎಚ್‌ಟಿಆಕ್ಸೆಸ್ ಫೈಲ್‌ನಲ್ಲಿ (ಫೋಲ್ಡರಿನ ಒಳಗೇ ಇಡುವ ಕಾನ್ಫಿಗ್) ಹಾಕಿದರೆ ಏನೂ ಬದಲಾಗ್ತಿಲ್ಲ. ಎರರ್ರೂ ಬರಲ್ಲ. ಯಾಕೆ?

ಟರ್ಮಿನಲ್‌ತಿಮ್ಮ
ಅಲೋಓವರ್‌ರೈಡ್ ನನ್ ಅಂತ ಇರುತ್ತೆ. ಅಪಾಚೆ 2.4ರಲ್ಲಿ ಅದೇ ಡಿಫಾಲ್ಟ್. ಹಾಗಿದ್ದರೆ ಆ ಫೈಲನ್ನು ಅದು ಓದೋದೇ ಇಲ್ಲ. ಆಪ್ಷನ್ಸ್ ಸಾಲು ನಡೆಯೋಕೆ ಅಲೋಓವರ್‌ರೈಡ್ ಆಪ್ಷನ್ಸ್ ಬೇಕು, ಇಂಡೆಕ್ಸ್‌ಆಪ್ಷನ್ಸ್‌ಗೆ ಅಲೋಓವರ್‌ರೈಡ್ ಇಂಡೆಕ್ಸಸ್. ಸರ್ವರ್ ನಿಮ್ಮದೇ ಆಗಿದ್ದರೆ ಎಚ್‌ಟಿಆಕ್ಸೆಸ್ ಬೇಡವೇ ಬೇಡ, ಮುಖ್ಯ ಕಾನ್ಫಿಗ್‌ನಲ್ಲೇ ಬರೀರಿ. ಪ್ರತಿ ಬಾರಿ ಪುಟ ಕೇಳಿದಾಗಲೂ ಪ್ರತಿ ಫೋಲ್ಡರಿನಲ್ಲೂ ಆ ಫೈಲ್ ಹುಡುಕುವ ಕೆಲಸ ಅದಕ್ಕೆ ತಪ್ಪುತ್ತೆ.

ಕಾಲೇಜ್‌ಲ್ಯಾಬ್
ಥ್ಯಾಂಕ್ಸ್ ಅಣ್ಣಾ. ಮುಖ್ಯ ಕಾನ್ಫಿಗ್‌ನಲ್ಲಿ 'ಆಪ್ಷನ್ಸ್ ಫಾಲೋಸಿಮ್‌ಲಿಂಕ್ಸ್ +ಇಂಡೆಕ್ಸಸ್' ಅಂತ ಬರೆದೆ. ಅಪಾಚೆ ಶುರುವೇ ಆಗಲ್ಲ ಅಂತಿದೆ.

ಟರ್ಮಿನಲ್‌ತಿಮ್ಮ
ಎಲ್ಲದಕ್ಕೂ ಪ್ಲಸ್ ಅಥವಾ ಮೈನಸ್ ಹಾಕು, ಇಲ್ಲ ಯಾವುದಕ್ಕೂ ಹಾಕಬೇಡ. ಬೆರೆಸಿದರೆ 2.4 ಒಪ್ಪಲ್ಲ. ರೀಲೋಡ್ ಮಾಡೋ ಮುಂಚೆ ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್ ಕೊಡು, ಯಾವ ಸಾಲಿನಲ್ಲಿ ತಪ್ಪು ಅಂತ ಹೇಳುತ್ತೆ.

ಬೀಗದಕೈ
ಸರಿ, ತೆರೆಯಲೇಬೇಕು ಅಂದರೆ ಹೀಗೆ ತೆರೆಯಿರಿ. ಕಡಲತಡಿಯವರೇ, ನಿಮ್ಮ ಮುಖ್ಯ ಕಾನ್ಫಿಗ್‌ನಲ್ಲಿ ಇಂಡೆಕ್ಸಸ್ ಮೊದಲೇ ಇತ್ತು ಅಂದಿರಲ್ಲ, ನನಗೆ ಹೆದರಿಕೆ ಅಲ್ಲೇ. ಎಚ್‌ಟಿಎಂಎಲ್ ಫೋಲ್ಡರ್ ಪೂರ್ತಿ ತೆರೆದೇ ಇದೆ ಅಂತ ಅದರ ಅರ್ಥ. ಅಲ್ಲಿ ಮೈನಸ್ ಇಂಡೆಕ್ಸಸ್ ಮಾಡಿ. ಧ್ವನಿ ಫೋಲ್ಡರಿಗೆ ಮಾತ್ರ ಬೇರೆ ಬ್ಲಾಕ್ ಬರೆದು ಪ್ಲಸ್ ಕೊಡಿ. ನಾಳೆ ನೀವೋ ಸಂಘದ ಇನ್ನೊಬ್ಬರೋ ಪಕ್ಕದಲ್ಲಿ ಬೇರೆ ಫೋಲ್ಡರ್ ಮಾಡಿದರೆ ಅದು ಮುಚ್ಚಿಕೊಂಡೇ ಹುಟ್ಟಬೇಕು.

ಇಂಡೆಕ್ಸ್‌ಇಗ್ನೋರ್ ನಂಬಬೇಡಿ. ಅದು ಹೆಸರನ್ನು ಪಟ್ಟಿಯಿಂದ ತೆಗೆಯುತ್ತದೆ ಅಷ್ಟೇ. ವಿಳಾಸ ಗೊತ್ತಿದ್ದವರಿಗೆ ಫೈಲ್ ತೆರೆಯುತ್ತದೆ. ರೋಬಾಟ್ಸ್ ಡಾಟ್ ಟೆಕ್ಸ್ಟ್ ಕೂಡ ಹಾಗೇ. ಅದನ್ನು ಪಾಲಿಸುವುದು ಸಭ್ಯ ರೋಬಾಟ್‌ಗಳು ಮಾತ್ರ. ಅಲ್ಲಿ ಗುಟ್ಟಿನ ಫೋಲ್ಡರ್ ಹೆಸರು ಬರೆದರೆ ನಾವೇ ವಿಳಾಸ ಹಂಚಿದ ಹಾಗೆ.

ಹಳೇಪೆಂಗ್ವಿನ್
ಇದನ್ನು ನೂರಕ್ಕೆ ನೂರು ಒಪ್ಪುತ್ತೇನೆ. ಗಿಟ್ ಬಳಸಿ ಫೈಲ್ ಏರಿಸುವವರು ಡಾಟ್ ಗಿಟ್ ಫೋಲ್ಡರ್ ವೆಬ್ ಜಾಗದಲ್ಲಿ ಉಳಿಯದ ಹಾಗೆ ನೋಡಿಕೊಳ್ಳಿ. ಹಳೆಯ ಪಾಸ್‌ವರ್ಡ್‌ಗಳ ಸಮೇತ ಇಡೀ ಇತಿಹಾಸ ಅದರಲ್ಲಿರುತ್ತದೆ. ಕಾನ್ಫಿಗ್ ಡಾಟ್ ಪಿಎಚ್‌ಪಿ ಡಾಟ್ ಬ್ಯಾಕ್ ಅಂತ ನಕಲು ಇಡುವವರೂ ಇದ್ದಾರೆ. ಪಿಎಚ್‌ಪಿ ಆದರೆ ಸರ್ವರ್ ಅದನ್ನು ನಡೆಸುತ್ತದೆ, ಒಳಗಿನ ಅಕ್ಷರ ಹೊರಗೆ ಬರಲ್ಲ. ಕೊನೆಗೆ ಬ್ಯಾಕ್ ಅಂತಿದ್ದರೆ ಬರೀ ಪಠ್ಯ ಅಂದುಕೊಂಡು ಇದ್ದಂತೆ ತೋರಿಸಿಬಿಡುತ್ತದೆ.

ಎನ್ಜಿನ್‌ಎಕ್ಸ್‌ಪ್ರೇಮಿ
ಇಷ್ಟೆಲ್ಲ ಕಷ್ಟ ಯಾಕೆ? ಎನ್ಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್‌ನಲ್ಲಿ 'ಆಟೋಇಂಡೆಕ್ಸ್ ಆನ್' ಅಂತ ಒಂದೇ ಸಾಲು. ಕ್ಯಾಡಿ ಅನ್ನುವ ಇನ್ನೊಂದು ಸರ್ವರ್‌ನಲ್ಲಿ 'ಫೈಲ್_ಸರ್ವರ್ ಬ್ರೌಸ್'. ಕ್ಯಾಡಿ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಕೂಡ ತಾನೇ ತರುತ್ತೆ.

ನೀಲಿಕುರಿಂಜಿ
ಸಾಲು ಒಂದೇ, ಆದರೆ ಎನ್ಜಿನ್‌ಎಕ್ಸ್‌ನಲ್ಲಿ ಬೇರೆ ಗುಂಡಿ ಇದೆ. ಲೊಕೇಶನ್ /ಧ್ವನಿ ಅಂತ ಕೊನೆಯಲ್ಲಿ ಓರೆಗೆರೆ ಇಲ್ಲದೆ ಬರೆದು, ಅಲಿಯಾಸ್‌ನಲ್ಲಿ /ಡೇಟಾ/ಧ್ವನಿ/ ಅಂತ ಓರೆಗೆರೆ ಹಾಕಿದಿರಿ ಅಂದುಕೊಳ್ಳಿ. ಆಗ ಬ್ರೌಸರ್‌ನಲ್ಲಿ /ಧ್ವನಿ../ ಅಂತ ಹೊಡೆದವರು ಒಂದು ಮೆಟ್ಟಿಲು ಮೇಲೆ ಹತ್ತಿ /ಡೇಟಾ ಒಳಗೆ ಬಂದುಬಿಡುತ್ತಾರೆ. ಆಟೋಇಂಡೆಕ್ಸ್ ಆನ್ ಇದ್ದರೆ ಅಲ್ಲಿರುವುದೆಲ್ಲ ಪಟ್ಟಿಯಾಗಿ ಕಾಣುತ್ತದೆ. ಎರಡೂ ಕಡೆ ಓರೆಗೆರೆ ಇರಲಿ.

ಅಲ್ಲಿ ಸಮಯವೂ ಯುಟಿಸಿಯಲ್ಲಿ ಕಾಣುತ್ತದೆ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಆಟೋಇಂಡೆಕ್ಸ್_ಲೋಕಲ್‌ಟೈಮ್ ಆನ್ ಮಾಡಬೇಕು. ಕನ್ನಡ ಹೆಸರು ಇದ್ದರೆ ಚಾರ್‌ಸೆಟ್ ಯುಟಿಎಫ್-8 ಸಾಲೂ ಬೇಕು, ಇಲ್ಲದಿದ್ದರೆ ಅದೂ ಬೈಟ್ ಲೆಕ್ಕದಲ್ಲೇ ಹೆಸರು ಕತ್ತರಿಸುತ್ತದೆ.

ಎನ್ಜಿನ್‌ಎಕ್ಸ್‌ಪ್ರೇಮಿ
ಓರೆಗೆರೆ ಮಾತು ಒಪ್ಪಿದೆ. ಆದರೂ ಅಪಾಚೆ 2 ಸಾವಿರ ಸಾಲಿನ ಕಾನ್ಫಿಗ್ ಓದುವುದಕ್ಕಿಂತ ಇದು ವಾಸಿ.

ಟರ್ಮಿನಲ್‌ತಿಮ್ಮ
ಎರಡು ಸಾವಿರ ಸಾಲು ಎಲ್ಲಿದೆ ಗುರು? ಆಲ್ಮಾಲಿನಕ್ಸ್‌ನ ಮುಖ್ಯ ಫೈಲ್ ಕಾಮೆಂಟ್ ಸೇರಿ ಕೆಲವು ನೂರು ಸಾಲು ಅಷ್ಟೇ. ಮತ್ತೆ ಅಪಾಚೆಯ ಪಟ್ಟಿಯಲ್ಲಿ ಇರುವಷ್ಟು ಸೌಲಭ್ಯ ಎನ್ಜಿನ್‌ಎಕ್ಸ್‌ನ ಪಟ್ಟಿಯಲ್ಲಿ ಇಲ್ಲ. ಫೈಲ್ ಪಕ್ಕದಲ್ಲಿ ವಿವರಣೆ ಬರೆಯೋಕೆ ಆಡ್‌ಡಿಸ್ಕ್ರಿಪ್ಶನ್ ಇದೆ. ಮೇಲೆ ಪೀಠಿಕೆಗೆ ಹೆಡರ್‌ನೇಮ್, ಕೆಳಗೆ ಟಿಪ್ಪಣಿಗೆ ರೀಡ್‌ಮಿನೇಮ್. ಒಂದು ಕೂಟದ ಫೋಲ್ಡರಿನಲ್ಲಿ ಯಾರು ಭಾಗವತರು, ಮದ್ದಳೆ ಯಾರದ್ದು, ಅರ್ಥ ಹೇಳಿದವರು ಯಾರು, ಎಲ್ಲಿ ನಡೆಯಿತು ಅಂತ ಪುಟ್ಟ ಹೆಡರ್ ಫೈಲ್ ಇಟ್ಟರೆ ಪಟ್ಟಿಯ ತಲೆಯ ಮೇಲೇ ಬರುತ್ತೆ. ಡೇಟಾಬೇಸ್ ಇಲ್ಲದೆ ಇಷ್ಟು ಸಿಗುವಾಗ ಬಿಡೋದ್ಯಾಕೆ?

ಮದ್ದಳೆಪೆಟ್ಟು
ಇದನ್ನು ಖಂಡಿತ ಮಾಡಿ ಕಡಲತಡಿಯವರೇ. ಹಳೆಯ ರೆಕಾರ್ಡಿಂಗ್ ಬೇಕಾದಷ್ಟು ಕಡೆ ಸಿಗುತ್ತದೆ, ಯಾರದ್ದು ಅಂತ ಮಾತ್ರ ಎಲ್ಲೂ ಬರೆದಿರುವುದಿಲ್ಲ. ಅರ್ಥಧಾರಿಯ ಧ್ವನಿಯನ್ನು ನಾವು ಹೇಗೋ ಗುರುತು ಹಿಡಿಯುತ್ತೇವೆ. ಚೆಂಡೆ ಮದ್ದಳೆಯವರ ಹೆಸರು ಯಾರೂ ಬರೆದಿಡುವುದಿಲ್ಲ. ಕೂಟಕ್ಕೆ ಹೋದವರು ಇನ್ನೂ ಇದ್ದಾರೆ, ಅವರನ್ನು ಕೇಳಿ ಈಗಲೇ ಬರೆಸಿ. ಪತ್ತನಾಜೆ (ಮೇಳಗಳ ತಿರುಗಾಟ ಮುಗಿಯುವ ದಿನ) ಮುಗಿದು ಮೇಳಗಳು ಮನೆಗೆ ಬಂದ ಮೇಲೆ ಕಲಾವಿದರೂ ಮಾತಿಗೆ ಸಿಗುತ್ತಾರೆ.

ಕಡಲತಡಿ
ಇದು ಒಳ್ಳೆ ಸಲಹೆ. ಸಂಘದ ಹಿರಿಯರ ಹತ್ತಿರ ಆಮಂತ್ರಣ ಪತ್ರಗಳ ಕಟ್ಟು ಇದೆ, ಅದರಲ್ಲಿ ಹೆಸರು ಸಿಗುತ್ತದೆ. ಫೋನಿನಲ್ಲಿ ನೋಡಿದರೆ ಮಾತ್ರ ಅಕ್ಷರ ಇರುವೆಯಷ್ಟು ಕಾಣ್ತದೆ. ಕೇಳುವವರಲ್ಲಿ ಜಾಸ್ತಿ ಜನ ವಯಸ್ಸಾದವರು, ಎಲ್ಲರ ಕೈಯಲ್ಲೂ ಫೋನೇ.

ಧಾರವಾಡದಮಳೆ
ಇಂಡೆಕ್ಸ್‌ಹೆಡ್‌ಇನ್ಸರ್ಟ್ ಅಂತ ಒಂದು ಸಾಲು ಇದೆ. ಪುಟದ ಹೆಡ್ ಭಾಗಕ್ಕೆ ನಾವು ಕೊಟ್ಟಿದ್ದನ್ನು ಸೇರಿಸುತ್ತದೆ. ಅದರಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗ್ ಹಾಕಿ, ಫೋನಿನ ಅಗಲಕ್ಕೆ ಹೊಂದಿಕೊಳ್ಳುತ್ತದೆ. ಇಂಡೆಕ್ಸ್‌ಸ್ಟೈಲ್‌ಶೀಟ್‌ನಲ್ಲಿ ಸಿಎಸ್‌ಎಸ್ ಫೈಲಿನ ದಾರಿ ಕೊಟ್ಟು ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವೆ ಬೆರಳು ಹಿಡಿಯುವಷ್ಟು ಜಾಗ ಬಿಡಿ. ವಿವರಣೆ ಬರೆಯದಿದ್ದರೆ ಸಪ್ರೆಸ್‌ಡಿಸ್ಕ್ರಿಪ್ಶನ್ ಹಾಕಿ ಆ ಕಾಲಂ ತೆಗೆಯಿರಿ. ಫೋಲ್ಡರ್ಸ್‌ಫಸ್ಟ್ ಹಾಕಿದರೆ ಫೋಲ್ಡರ್‌ಗಳು ಮೇಲೆ ಬರುತ್ತವೆ. ಎಲ್ಲಕ್ಕೂ ಮುಂದೆ ಪ್ಲಸ್ ಹಾಕಲು ಮರೆಯಬೇಡಿ. ಪ್ಲಸ್ ಇಲ್ಲದೆ ಒಂದನ್ನು ಬರೆದರೂ ಮೇಲಿನಿಂದ ಬಂದ ಎಚ್‌ಟಿಎಂಎಲ್‌ಟೇಬಲ್, ವರ್ಷನ್‌ಸಾರ್ಟ್ ಥರದ ಆಯ್ಕೆಗಳು ಹಾರಿಹೋಗುತ್ತವೆ.

ವರ್ಷನ್‌ಸಾರ್ಟ್ ನಿಮಗೆ ಬೇಕೇ ಬೇಕು. ಅದಿಲ್ಲದಿದ್ದರೆ 'ಭಾಗ-10' ಅನ್ನುವುದು 'ಭಾಗ-2'ಕ್ಕಿಂತ ಮುಂಚೆ ಬಂದು ಕೂರುತ್ತದೆ, ಪ್ರಸಂಗ ಹಿಂದುಮುಂದಾಗುತ್ತದೆ. ಆದರೆ ಅದು ಗುರುತು ಹಿಡಿಯುವುದು 1, 2, 3 ಅನ್ನುವ ಅಂಕಿಗಳನ್ನು ಮಾತ್ರ. ೧, ೨, ೩ ಅಂತ ಬರೆದಿದ್ದರೆ ೧೦ ಮತ್ತೆ ೨ಕ್ಕಿಂತ ಮುಂಚೆ ಬರುತ್ತದೆ.

ಸನ್ನಿವೇಲ್‌ಕನ್ನಡಿಗ
ಕ್ರಮದ ವಿಷಯ ಬಂತಲ್ಲ, ಇನ್ನೊಂದು ಗಮನಿಸಿ. ಯುನಿಕೋಡ್‌ನಲ್ಲಿ ಳ ಇರುವುದು ಲ ಮತ್ತು ವ ನಡುವೆ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ, ಕೊನೆಯಲ್ಲಿ. ಸರ್ವರ್ ಜೋಡಿಸುವುದು ಕೋಡ್ ಪ್ರಕಾರ. ಹಾಗಾಗಿ 'ಬಳ್ಳಿ' ಅನ್ನುವುದು 'ಬಸವ'ನಿಗಿಂತ ಮೊದಲು ಬರುತ್ತದೆ. ನಿಘಂಟು ನೋಡಿ ಅಭ್ಯಾಸ ಇರುವವರಿಗೆ ಇದು ಕಣ್ಣಿಗೆ ಚುಚ್ಚುತ್ತದೆ. ವರ್ಷ, ತಿಂಗಳನ್ನು ಹೆಸರಿನ ಮುಂದೆ ಹಾಕಿದರೆ ಈ ತಾಪತ್ರಯ ಇಲ್ಲ. 1994-07 ಅಂತ ಶುರುವಾದರೆ ತಾನಾಗೇ ಕಾಲದ ಕ್ರಮದಲ್ಲಿ ಕೂರುತ್ತದೆ.

ಕಡಲತಡಿ
ಒಂದು ವಿಚಿತ್ರ ನಡೀತಿದೆ. ನಮ್ಮ ಸಂಘದ ಹುಡುಗ ಹಳೆಯ ಮ್ಯಾಕ್‌ನಿಂದ ಏರಿಸಿದ ಕೆಲವು ಫೋಲ್ಡರ್‌ಗಳು ಪಟ್ಟಿಯಲ್ಲಿ ಒತ್ತಿದರೆ ತೆರೆಯುತ್ತವೆ. ಅದೇ ಹೆಸರನ್ನು ನಾನು ಟೈಪ್ ಮಾಡಿ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದರೆ 404. ಅಕ್ಷರ ಒಂದೂ ತಪ್ಪಿಲ್ಲ. 'ಕೋಟೆಯ ಕೂಟ' ಅಂತ ಹೆಸರು.

ಧಾರವಾಡದಮಳೆ
ಆಹಾ, ಇದು ಗೊತ್ತು! ನಿಮ್ಮ ಹೆಸರಿನಲ್ಲಿರುವ 'ಕೋ' ನೋಡಿ. ಓ ಸ್ವರ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಒಂದೇ ಕೋಡ್ ಆಗಿ, ಇಲ್ಲವೇ ಎತ್ವ, ಊ ಚಿಹ್ನೆ, ದೀರ್ಘ ಅಂತ ಮೂರು ತುಂಡುಗಳಾಗಿ. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತದೆ. ನೀವು ಕೀಬೋರ್ಡಿನಲ್ಲಿ ಹೊಡೆದದ್ದು ಒಂದೇ ಕೋಡ್. ಲಿನಕ್ಸ್ ಬೈಟ್ ನೋಡುತ್ತದೆ, ಹಾಗಾಗಿ ಅದಕ್ಕೆ ಎರಡೂ ಬೇರೆ ಬೇರೆ ಫೋಲ್ಡರ್. ಈ, ಏ, ಐ, ಒ ಚಿಹ್ನೆಗಳಿಗೂ ಇದೇ ಕಥೆ.

ಈಗ ಇರುವುದನ್ನು ಸರಿಮಾಡಲು ಕಾನ್ವ್‌ಎಂವಿ ಅನ್ನುವ ಸಾಧನ ಇದೆ, ಅದಕ್ಕೆ ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಕೋಡ್ ಮಾಡುವ) ಆಯ್ಕೆ ಕೊಡಿ. ಮೊದಲು ಏನು ಬದಲಾಗುತ್ತದೆ ಅಂತ ತೋರಿಸುತ್ತದೆ ಅಷ್ಟೇ, ನೋಟೆಸ್ಟ್ ಅಂತ ಸೇರಿಸಿದಾಗ ಮಾತ್ರ ನಿಜಕ್ಕೂ ಬದಲಾಯಿಸುತ್ತದೆ. ಮುಂದೆ ಮ್ಯಾಕ್‌ನಿಂದ ಆರ್‌ಸಿಂಕ್‌ನಲ್ಲಿ ಫೈಲ್ ಕಳಿಸುವಾಗ ಐಕಾನ್ವ್=ಯುಟಿಎಫ್-8-ಮ್ಯಾಕ್,ಯುಟಿಎಫ್-8 ಅಂತ ಕೊಡಲು ಹುಡುಗನಿಗೆ ಹೇಳಿ.

ಕಡಲತಡಿ
ಸರಿಯಾಯ್ತು! ಇದು ನಮಗೆ ಯಾವತ್ತೂ ಹೊಳೆಯುತ್ತಿರಲಿಲ್ಲ.

ಕಾಲೇಜ್‌ಲ್ಯಾಬ್
ನಾವು ಲ್ಯಾಬ್‌ನಲ್ಲಿ ಪೈಥಾನ್3 -ಎಂ ಎಚ್‌ಟಿಟಿಪಿ.ಸರ್ವರ್ 8000 ಅಂತ ಹೊಡೆದು ಫೈಲ್ ಹಂಚ್ಕೋತೀವಿ. ಅದರಲ್ಲೂ ಪಟ್ಟಿ ಬರುತ್ತೆ. ಇವರೂ ಅದನ್ನೇ ಬಳಸಬಹುದಲ್ವಾ?

ಹಳೇಪೆಂಗ್ವಿನ್
ಒಂದು ಕೋಣೆಯೊಳಗೆ ಹತ್ತು ನಿಮಿಷಕ್ಕೆ ಚೆನ್ನಾಗಿದೆ. ಸಾರ್ವಜನಿಕ ಸರ್ವರ್‌ಗೆ ಬೇಡ ಅಂತ ಪೈಥಾನ್ ದಾಖಲೆಯಲ್ಲೇ ಹೇಳಿದ್ದಾರೆ. ಇವರ ಕೆಲಸಕ್ಕೆ ಇನ್ನೊಂದು ಅಡ್ಡಿ ಇದೆ. ಫೈಲಿನ ಒಂದು ಭಾಗ ಮಾತ್ರ ಕೇಳುವ ರೇಂಜ್ ರಿಕ್ವೆಸ್ಟ್ ಅದಕ್ಕೆ ಗೊತ್ತಿಲ್ಲ. ಮೂರು ಗಂಟೆಯ ಕೂಟದಲ್ಲಿ ಎರಡನೇ ಗಂಟೆಗೆ ಹಾರಬೇಕು ಅಂದರೆ ಅಪಾಚೆ ಅಲ್ಲಿಂದಲೇ ಕಳಿಸುತ್ತದೆ, ಇದು ಮೊದಲಿನಿಂದ ಪೂರ್ತಿ ಕಳಿಸುತ್ತದೆ. ಲ್ಯಾಬ್‌ನಲ್ಲಿ ಬಳಸುವಾಗಲೂ ಡೈರೆಕ್ಟರಿ ಆಯ್ಕೆ ಕೊಟ್ಟು ಒಂದೇ ಫೋಲ್ಡರ್ ತೋರಿಸು. ಹೋಮ್‌ನಲ್ಲಿ ನಿಂತು ಹೊಡೆದರೆ ನಿನ್ನ ಎಸ್‌ಎಸ್‌ಎಚ್ ಕೀ ಕೂಡ ಪಕ್ಕದ ಬೆಂಚಿನವರಿಗೆ ಸಿಗುತ್ತದೆ.

ಸನ್ನಿವೇಲ್‌ಕನ್ನಡಿಗ
ಮೊದಲೆಲ್ಲ ಇದಕ್ಕೆ ಎಫ್‌ಟಿಪಿ ಅನ್ನುವ ಫೈಲ್ ಹಂಚುವ ವಿಧಾನ ಇತ್ತು. ಡೆಬಿಯನ್‌ನವರು 2017ರ ನವೆಂಬರ್ 1ಕ್ಕೆ ಸಾರ್ವಜನಿಕ ಎಫ್‌ಟಿಪಿ ನಿಲ್ಲಿಸಿದರು. 2021ರಲ್ಲಿ ಫೈರ್‌ಫಾಕ್ಸ್ 90 ಮತ್ತು ಕ್ರೋಮ್ 95 ಬ್ರೌಸರ್‌ನಿಂದಲೇ ಅದನ್ನು ಕಿತ್ತು ಹಾಕಿದವು. ಈಗ ಫೋಲ್ಡರ್ ತೆರೆದಿಡಬೇಕು ಅಂದರೆ ಎಚ್‌ಟಿಟಿಪಿಎಸ್ ಮೇಲಿನ ಈ ಪಟ್ಟಿಯೇ ಸರಿಯಾದ ದಾರಿ.

ನನ್ನದೊಂದು ಸಲಹೆ. ಇಂಟರ್ನೆಟ್ ಆರ್ಕೈವ್‌ಗೂ ಒಂದು ಪ್ರತಿ ಹಾಕಿ. ವಿಪಿಎಸ್ ಬಾಡಿಗೆ ಒಂದು ವರ್ಷ ಕಟ್ಟದಿದ್ದರೆ ಎಲ್ಲ ಹೋಗುತ್ತದೆ.

ಮದ್ದಳೆಪೆಟ್ಟು
ಹಾಕುವ ಮೊದಲು ಕಲಾವಿದರನ್ನು ಕೇಳಬೇಕು ಅಂತ ನನ್ನ ಅಭಿಪ್ರಾಯ. ಕೂಟ ನಡೆಸಿದ್ದು ಸಂಘ ಇರಬಹುದು, ಮಾತು ಅವರದ್ದು.

ಬೀಗದಕೈ
ಅಭಿಪ್ರಾಯ ಮಾತ್ರ ಅಲ್ಲ, ಕಾನೂನೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಅಂತ ಬೇರೆಯೇ ಇದೆ. ಪ್ರದರ್ಶನ ನಡೆದ ಮುಂದಿನ ವರ್ಷದ ಆರಂಭದಿಂದ 50 ವರ್ಷ ಅದು ಇರುತ್ತದೆ. ಕ್ಯಾಸೆಟ್ ಕಂಪನಿ ಹೊರತಂದ ಧ್ವನಿಮುದ್ರಿಕೆ ಆದರೆ ಪ್ರಕಟವಾದ ಮೇಲೆ 60 ವರ್ಷ. ಸಂಘದವರೇ ಮಾಡಿದ ರೆಕಾರ್ಡಿಂಗ್ ಮಾತ್ರ ಹಾಕಿ. ಕಲಾವಿದರಿಂದ, ತೀರಿಕೊಂಡಿದ್ದರೆ ಮನೆಯವರಿಂದ ಒಪ್ಪಿಗೆ ಬರೆಸಿಕೊಳ್ಳಿ.

ಕಡಲತಡಿ
ಹೆಚ್ಚಿನವರು ಸಂತೋಷದಿಂದ ಒಪ್ಪಿದ್ದಾರೆ. ಎರಡು ಮನೆಯವರು ಮಾತ್ರ ಕುಟುಂಬದವರು, ಶಿಷ್ಯರು ಕೇಳಲಿ, ಊರಿಗೆಲ್ಲ ಬೇಡ ಅಂದಿದ್ದಾರೆ. ಅವರ ಮಾತು ಉಳಿಸಬೇಕು. ಆ ಫೋಲ್ಡರಿಗೆ ಮಾತ್ರ ಪಾಸ್‌ವರ್ಡ್ ಇಡಬಹುದಾ? ಮತ್ತೆ ಯಾರೋ ಒಬ್ಬರು ಇಡೀ ಸಂಗ್ರಹ ಒಂದೇ ಸಲ ಇಳಿಸಿದರೆ ವಿಪಿಎಸ್ ಕೂತುಬಿಡುತ್ತದಾ?

ಟರ್ಮಿನಲ್‌ತಿಮ್ಮ
ಲೆಕ್ಕ ಹಾಕಿ. 128 ಕೆಬಿಪಿಎಸ್ ಎಂಪಿ3 ಗಂಟೆಗೆ ಸುಮಾರು 58 ಎಂಬಿ. ಮೂರು ಗಂಟೆಯ ಕೂಟ 173 ಎಂಬಿ. ಕ್ಯಾಸೆಟ್‌ನಿಂದ ತೆಗೆದ ಮಾತು, ಪದಕ್ಕೆ 64 ಕೆಬಿಪಿಎಸ್ ಮೊನೊ ಸಾಕು, ಅರ್ಧಕ್ಕೆ ಇಳಿಯುತ್ತೆ. ಮೂಲ ಪ್ರತಿ ಮಾತ್ರ ದೊಡ್ಡದಾಗೇ ನಿಮ್ಮ ಡಿಸ್ಕ್‌ನಲ್ಲಿರಲಿ.

ಪೂರ್ತಿ ಇಳಿಸುವವರು ಡಬ್ಲ್ಯುಗೆಟ್ -ಆರ್ -ಎನ್‌ಪಿ ಬಳಸ್ತಾರೆ. ಪಟ್ಟಿಯ ತಲೆಯಲ್ಲಿ ಹೆಸರು, ದಿನಾಂಕ, ಗಾತ್ರ ಅಂತ ಜೋಡಿಸುವ ಲಿಂಕ್ ಇರುತ್ತಲ್ಲ, ಅದನ್ನೂ ಒಂದೊಂದು ಪುಟ ಅಂದುಕೊಂಡು ಮತ್ತೆ ಮತ್ತೆ ಕೇಳುತ್ತೆ. ಸಪ್ರೆಸ್‌ಕಾಲಂಸಾರ್ಟಿಂಗ್ ಹಾಕಿ ಆ ಲಿಂಕ್ ತೆಗೆದುಬಿಡಿ.

ಸನ್ನಿವೇಲ್‌ಕನ್ನಡಿಗ
ದಿನಾಂಕದ ಮೇಲೆ ಜೋಡಿಸುವುದು ಕೇಳುವವರಿಗೆ ಅನುಕೂಲ ಅಲ್ವಾ? ಹೊಸದಾಗಿ ಯಾವುದು ಬಂದಿದೆ ಅಂತ ನಾನು ಹಾಗೇ ನೋಡೋದು.

ಟರ್ಮಿನಲ್‌ತಿಮ್ಮ
ವರ್ಷದ ಫೋಲ್ಡರ್ ಇದೆಯಲ್ಲ. ಆದರೂ ನಿಮಗೆ ಬೇಕು ಅಂದರೆ ಇರಲಿ, ಚಿಕ್ಕ ಸಂಗ್ರಹಕ್ಕೆ ದೊಡ್ಡ ಭಾರವೇನಲ್ಲ.

ನೀಲಿಕುರಿಂಜಿ
ಪಾಸ್‌ವರ್ಡ್‌ಗೆ: ಆ ಫೋಲ್ಡರಿನ ಬ್ಲಾಕ್‌ನಲ್ಲಿ ಆತ್‌ಟೈಪ್ ಬೇಸಿಕ್, ಆತ್‌ನೇಮ್, ಆತ್‌ಯೂಸರ್‌ಫೈಲ್, ರಿಕ್ವೈರ್ ವ್ಯಾಲಿಡ್-ಯೂಸರ್. ಅಲ್ಲಿ ರಿಕ್ವೈರ್ ಆಲ್ ಗ್ರಾಂಟೆಡ್ ಸಾಲು ಇದ್ದರೆ ತೆಗೆಯಿರಿ. ಎರಡೂ ಇದ್ದರೆ ಯಾವುದಾದರೂ ಒಂದು ಸರಿಹೋದರೆ ಸಾಕು ಅಂತ ಅಪಾಚೆ ಎಲ್ಲರನ್ನೂ ಒಳಗೆ ಬಿಡುತ್ತದೆ. ಪಾಸ್‌ವರ್ಡ್ ಫೈಲ್ ವೆಬ್ ಫೋಲ್ಡರಿನ ಹೊರಗಿರಲಿ. ಎಚ್‌ಟಿಟಿಪಿಎಸ್ ಇಲ್ಲದೆ ಇದನ್ನು ಮಾಡಬೇಡಿ. ಬೇಸಿಕ್ ವಿಧಾನದಲ್ಲಿ ಪಾಸ್‌ವರ್ಡ್ ಬರೀ ಬೇಸ್64 ಆಗಿ ಹೋಗುತ್ತದೆ, ದಾರಿಯಲ್ಲಿ ಯಾರು ಬೇಕಾದರೂ ಬಿಡಿಸಿ ಓದಬಹುದು. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ, ಅದನ್ನು ತರುವ ಸರ್ಟ್‌ಬಾಟ್ ಹಾಕಿಕೊಳ್ಳಿ.

ಪಾಸ್‌ವರ್ಡ್ ಇಟ್ಟ ಫೋಲ್ಡರಿನ ಹೆಸರು ಮೇಲಿನ ಪಟ್ಟಿಯಲ್ಲೂ ಕಾಣುವುದಿಲ್ಲ. ತೆರೆಯಲು ಆಗದ್ದನ್ನು ಅಪಾಚೆ ತೋರಿಸುವುದಿಲ್ಲ. ಕಾಣಲಿ ಅನ್ನಿಸಿದರೆ ಮೇಲಿನ ಫೋಲ್ಡರಿನಲ್ಲಿ ಇಂಡೆಕ್ಸ್‌ಆಪ್ಷನ್ಸ್ +ಶೋಫರ್ಬಿಡನ್ ಹಾಕಿ.

ಕಡಲತಡಿ
ಬೇಡ, ಕಾಣದಿದ್ದರೇ ಒಳ್ಳೆಯದು. ಆ ಮನೆಯವರಿಗೆ ಲಿಂಕ್ ನಾನೇ ಕೊಡ್ತೇನೆ. ಎಚ್‌ಟಿಪಾಸ್‌ವಡ್ -ಸಿ ಕೊಟ್ಟು ಮೊದಲನೆಯವರ ಹೆಸರು ಸೇರಿಸಿದೆ, ಲಾಗಿನ್ ಆಗ್ತಿದೆ. ಎರಡನೆಯವರಿಗೂ ಅದೇ ಕಮಾಂಡಾ?

ನೀಲಿಕುರಿಂಜಿ
-ಸಿ ಬಿಟ್ಟು ಕೊಡಿ. ಅದು ಇದ್ದರೆ ಹೊಸ ಫೈಲ್ ಮಾಡುತ್ತದೆ, ಮೊದಲನೆಯವರ ಹೆಸರು ಅಳಿಸಿ ಹೋಗುತ್ತದೆ. -ಬಿ ಅಂತ ದೊಡ್ಡಕ್ಷರದಲ್ಲಿ ಸೇರಿಸಿ, ಪಾಸ್‌ವರ್ಡ್ ಬಿಕ್ರಿಪ್ಟ್ ಅನ್ನುವ ಗಟ್ಟಿ ಗುಪ್ತ ರೂಪದಲ್ಲಿ ಕೂರುತ್ತದೆ.